ಹಣಕಾಸು ಸಲಹೆಗಾರರನ್ನು ಆರಿಸಿಕೊಳ್ಳುವುದು ಹೇಗೆ?

ನಮ್ಮ ಸೋದರತ್ತೆ ನಿವೃತ್ತರಾಗಿ ಗ್ರಾಚ್ಯುಟಿ ಹಣ ಖಾತೆಗೆ ಬಿದ್ದ ವಾರದಲ್ಲೇ ಬ್ಯಾಂಕೊಂದಕ್ಕೆ ಹೋಗಿ, ಪೆನ್ಸಿಲಿನಲ್ಲಿ ಇಂಟು ಗುರುತು ಹಾಕಿಕೊಟ್ಟ ಕಡೆಯಲ್ಲೆಲ್ಲ ಸಹಿ ಮಾಡಿ ಬಂದರು. ಅವರು ಎಫ್‌ಡಿ ಎಂದು ನಂಬಿದ್ದುದು ವರ್ಷ ವರ್ಷವೂ ಕಂತು ಕಟ್ಟಬೇಕಾದ ವಿಮಾ ಪಾಲಿಸಿಯಾಗಿತ್ತು. ಪಾಲಿಸಿ ಪತ್ರ ಕೈಸೇರಿದ 30 ದಿನಗಳೊಳಗೆ ಅದನ್ನು ಹಿಂದಿರುಗಿಸುವ ಅವಕಾಶವಿದ್ದುದರಿಂದ ಬಹುಪಾಲು ಹಣ ಮರಳಿ ಬಂತು.

ಮೊದಲು ನಿಮ್ಮ ಆದಾಯ, ಸಾಲ, ವಿಮೆ, ಉಳಿತಾಯ ಮತ್ತು ಹಣ ಯಾವಾಗ ಬೇಕೆಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

ಎರಡನೆಯದಾಗಿ, ಎದುರಿಗೆ ಕುಳಿತವರು ಯಾರೆಂದು ತಿಳಿಯಬೇಕು. ಹೆಚ್ಚಿನವರು ಎಡವುವುದು ಇಲ್ಲಿಯೇ. ವಿಸಿಟಿಂಗ್ ಕಾರ್ಡಿನಲ್ಲಿ ‘ವೆಲ್ತ್ ಮ್ಯಾನೇಜರ್’ ಎಂದಿದ್ದರೆ ಅದಕ್ಕೆ ಬೆಲೆ ಕೊಡಬೇಡಿ, ನೋಂದಣಿ ಸಂಖ್ಯೆ ಕೇಳಿ. ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ 2013ರ ನಿಯಮಗಳ ಪ್ರಕಾರ ನೋಂದಾಯಿಸಿಕೊಂಡ ಹೂಡಿಕೆ ಸಲಹೆಗಾರರ ಸಂಖ್ಯೆ ‘ಐಎನ್‌ಎ’ ಎಂದು ಆರಂಭವಾಗುತ್ತದೆ. ಅವರು ನಿಮ್ಮಿಂದಲೇ ಶುಲ್ಕ ಪಡೆಯುತ್ತಾರೆ, ನಿಮಗೆ ಹೇಳಿದ ಹೂಡಿಕೆಯ ಮೇಲೆ ಕಮಿಷನ್ ಪಡೆಯುವಂತಿಲ್ಲ. ‘ಎಆರ್‌ಎನ್’ ಸಂಖ್ಯೆಯವರು ಮ್ಯೂಚುವಲ್ ಫಂಡ್ ವಿತರಕರು. ಅವರ ಕಮಿಷನ್ ಫಂಡ್ ಕಂಪನಿಯಿಂದ ಬಂದರೂ, ಅದು ಕಳೆಯುವುದು ನಿಮ್ಮ ಹೂಡಿಕೆಯಿಂದಲೇ. ವಿತರಕರೆಲ್ಲ ಮೋಸಗಾರರಲ್ಲ, ಫಾರಂ ತುಂಬಿಕೊಟ್ಟು ಮನೆಬಾಗಿಲಿಗೆ ಬರುವ ಒಳ್ಳೆಯವರೂ ಇದ್ದಾರೆ. ಆದರೆ ಅವರ ‘ಉಚಿತ ಸಲಹೆ’ ಉಚಿತವಲ್ಲ. ತಿಂಗಳಿಗೆ 10,000 ರೂಪಾಯಿಯಂತೆ 20 ವರ್ಷ ಎಸ್‌ಐಪಿ (ತಿಂಗಳ ಕಂತಿನ ಹೂಡಿಕೆ) ಕಟ್ಟಿದಾಗ, ಕಮಿಷನ್ ಕಳೆದು ವಾರ್ಷಿಕ ಗಳಿಕೆ ಶೇ 12ರ ಬದಲು ಶೇ 11ಕ್ಕೆ ಇಳಿದರೆ ಕೊನೆಗೆ ಕೈಗೆ ಬರುವ ಮೊತ್ತ ಸುಮಾರು 12 ಲಕ್ಷ ರೂಪಾಯಿಯಷ್ಟು ಕಡಿಮೆಯಾಗುತ್ತದೆ. ಸಲಹೆಗಾರರು ಹೇಳಿದ ‘ಐಎನ್‌ಎ’ ಸಂಖ್ಯೆಯನ್ನು ನಂಬಿ ಸುಮ್ಮನಾಗದೆ, ಸೆಬಿಯ ಜಾಲತಾಣದ ಪಟ್ಟಿಯಲ್ಲಿ ಹೆಸರಿನೊಂದಿಗೆ ತಾಳೆ ನೋಡಿ. ಟೆಲಿಗ್ರಾಂ ಗುಂಪುಗಳಲ್ಲಿ ಬೇರೆಯವರ ಸಂಖ್ಯೆಯನ್ನು ತಮ್ಮದೆಂದು ಹಾಕಿಕೊಳ್ಳುವವರಿಗೆ ಕೊರತೆಯಿಲ್ಲ.

ಶುಲ್ಕದ ಒಪ್ಪಂದ ಬರಹದಲ್ಲಿರಲಿ. ಶೇಕಡಾವಾರು ಲೆಕ್ಕಕ್ಕಿಂತ ವರ್ಷಕ್ಕೆ ಇಷ್ಟೆಂಬ ನಿಗದಿತ ಶುಲ್ಕವೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ವಿಮೆ ಮತ್ತು ಹೂಡಿಕೆಯನ್ನು ಒಂದರಲ್ಲೇ ಬೆರೆಸಿದ ಪಾಲಿಸಿಯನ್ನು ಮೊದಲ ಭೇಟಿಯಲ್ಲೇ ಮುಂದಿಟ್ಟರೆ ಚಹಾ ಮುಗಿಸಿ ಎದ್ದು ಬನ್ನಿ. ಸಂಸಾರಕ್ಕೆ ಬೇಕಾದ ರಕ್ಷಣೆಗೆ ಟರ್ಮ್ ವಿಮೆ (ಅವಧಿಯೊಳಗೆ ಮರಣವಾದರೆ ಮಾತ್ರ ಹಣ ಬರುವ ವಿಮೆ) ಸಾಕು.

ಹೂಡಿಕೆಯ ಹಣ ನಿಮ್ಮ ಖಾತೆಯಿಂದ ನೇರವಾಗಿ ಫಂಡ್ ಅಥವಾ ಬ್ಯಾಂಕಿಗೆ ಹೋಗಬೇಕೇ ಹೊರತು ಸಲಹೆಗಾರರ ಖಾತೆಗಲ್ಲ. ಖಾಲಿ ಫಾರಂಗೆ ಸಹಿ ಬೇಡ, ಒಟಿಪಿ ಹೇಳಬೇಡಿ.

ಮೊದಲ ಕಂತು ಹೋದ ಮೇಲೆ ಎಲ್ಲ ಫಂಡುಗಳ ಒಟ್ಟು ಸ್ಟೇಟ್‌ಮೆಂಟನ್ನು ಇ-ಮೇಲ್‌ಗೆ ತರಿಸಿಕೊಂಡು ಯೋಜನೆಯ ಹೆಸರನ್ನು ಪೂರ್ತಿಯಾಗಿ ಓದಿ: ಶುಲ್ಕ ತೆತ್ತ ಮೇಲೂ ಅಲ್ಲಿ ‘ಡೈರೆಕ್ಟ್’ (ಕಮಿಷನ್ ಇಲ್ಲದ್ದು) ಬದಲು ‘ರೆಗ್ಯುಲರ್’ (ವಿತರಕರ ಕಮಿಷನ್ ಸೇರಿದ್ದು) ಎಂದಿದ್ದರೆ, ಎರಡನೆಯ ಕಂತಿಗೆ ಮೊದಲೇ ಸಲಹೆಗಾರರಿಗೆ ಫೋನ್ ಮಾಡಿ ಕಾರಣ ಕೇಳಿ.