ಫೋಟೋಶಾಪ್‌ನಲ್ಲಿ ಕನ್ನಡ ಒತ್ತಕ್ಷರ ಪದೇ ಪದೇ ಒಡೆದುಹೋಗ್ತಿದ್ರೆ ಹೀಗೆ ಸರಿಮಾಡ್ಕೊಳ್ಳಿ

ಮದುವೆ ಇನ್ವಿಟೇಶನ್ ಇರ್ಲಿ, ರಾಜ್ಯೋತ್ಸವದ ಬ್ಯಾನರ್ ಇರ್ಲಿ, ಫೋಟೋಶಾಪಲ್ಲಿ ಕನ್ನಡ ಪೇಸ್ಟ್ ಮಾಡಿದ ತಕ್ಷಣ "ಲಕ್ಷ್ಮೀ" ಅನ್ನೋದು ಲ, ಕ್, ಷ್, ಮೀ ಅಂತ ಬಿಡಿಬಿಡಿಯಾಗಿ ಸಾಲಲ್ಲಿ ನಿಂತ್ಕೊಳ್ಳತ್ತೆ, "ಧರ್ಮ"ದ ಅರ್ಕಾವತ್ತು ಮಾಯ ಆಗತ್ತೆ. ಒಂದ್ಸಲ ಸರಿ ಮಾಡಿದ್ರೂ ಮುಂದಿನ ಫೈಲಲ್ಲಿ ಮತ್ತೆ ಅದೇ ಕಥೆ. ಇದಕ್ಕೆ ಜನ ಸಾಫ್ಟ್‌ವೇರ್ ಕಿತ್ತು ಮತ್ತೆ ಇನ್‌ಸ್ಟಾಲ್ ಮಾಡ್ತಾರೆ, ಫಾಂಟ್ ಮೇಲೆ ಫಾಂಟ್ ಡೌನ್‌ಲೋಡ್ ಮಾಡ್ತಾರೆ. ಬಹಳಷ್ಟು ಸಲ ಎರಡೂ ಬೇಕಾಗಲ್ಲ.

ಮೊದಲು ತಪ್ಪು ಎಲ್ಲಿದೆ ಅಂತ ನೋಡ್ಕೊಳ್ಳಿ. ಅದೇ ಸಾಲನ್ನ ಕಾಪಿ ಮಾಡಿ ನೋಟ್‌ಪ್ಯಾಡಲ್ಲಿ ಹಾಕಿ, ಅದೇ ಫಾಂಟ್ ಕೊಡಿ. ಅಲ್ಲಿ ಒತ್ತು ಸರಿಯಾಗಿ ಕೂತ್ರೆ ಫಾಂಟೂ ಸರಿ, ಟೈಪಿಂಗೂ ಸರಿ, ಎಡವಟ್ಟು ಇರೋದು ಫೋಟೋಶಾಪಿನ ಟೆಕ್ಸ್ಟ್ ಎಂಜಿನ್‌ನಲ್ಲಿ. ಯಾಕಂದ್ರೆ ಯೂನಿಕೋಡಲ್ಲಿ (ಎಲ್ಲಾ ಭಾಷೆಗೂ ಒಂದೇ ಅಂತ ಇರೋ ಅಕ್ಷರ-ಕೋಡ್ ಪದ್ಧತಿ) "ಲಕ್ಷ್ಮೀ" ಸೇವ್ ಆಗೋದು ಲ, ಕ, ಹಲಂತ, ಷ, ಹಲಂತ, ಮ, ದೀರ್ಘದ ಗುಣಿತ ಅಂತ 7 ಬಿಡಿ ಕೋಡ್ ಆಗಿ. ಅವನ್ನ ಸೇರಿಸಿ ಒತ್ತು ಕೂರಿಸೋ ಕೆಲಸ ಟೆಕ್ಸ್ಟ್ ಎಂಜಿನ್‌ದು. ಇಂಗ್ಲಿಷ್, ಚೈನೀಸ್, ಜಪಾನೀಸ್‌ಗೆ ಅಂತ ಇರೋ ಲೇಔಟ್ ಆನ್ ಆಗಿದ್ರೆ ಅದಕ್ಕೆ ಒತ್ತು ಅಂದ್ರೇನು ಅಂತಾನೇ ಗೊತ್ತಿಲ್ಲ, ಬಂದಿದ್ದನ್ನ ಬಂದ ಹಾಗೆ ಸಾಲಾಗಿ ಜೋಡಿಸತ್ತೆ.

ಸರಿ ಮಾಡೋದು ಹೀಗೆ. ಸಿಸಿ (ಕ್ರಿಯೇಟಿವ್ ಕ್ಲೌಡ್) ವರ್ಷನ್‌ಗಳಲ್ಲಿ ಎಡಿಟ್ ಮೆನು, ಪ್ರಿಫರೆನ್ಸಸ್, ಅದರಲ್ಲಿ ಟೈಪ್. ಅಲ್ಲಿ ಟೆಕ್ಸ್ಟ್ ಎಂಜಿನ್ ಆಯ್ಕೆ ಇದ್ರೆ ಕೆಲವು ವರ್ಷನ್‌ನಲ್ಲಿ "ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷಿಯನ್" ಅಂತಿರತ್ತೆ, ಆಮೇಲಿನವುಗಳಲ್ಲಿ "ವರ್ಲ್ಡ್ ರೆಡಿ ಲೇಔಟ್" ಅಂತ, ಅದನ್ನ ಆಯ್ಕೆ ಮಾಡಿ ಫೋಟೋಶಾಪ್ ಪೂರ್ತಿ ಕ್ಲೋಸ್ ಮಾಡಿ ಮತ್ತೆ ತೆಗೀರಿ. ಆ ಆಯ್ಕೆನೇ ಕಾಣದಿದ್ರೆ ಇದನ್ನ ಬಿಟ್ಟು ಮುಂದಕ್ಕೆ ಹೋಗಿ. ಆಮೇಲೆ ಹೊಸ ಡಾಕ್ಯುಮೆಂಟ್ ತೆಗೆದು "ಸ್ತ್ರೀ, ರಾಷ್ಟ್ರ, ಧರ್ಮ, ಲಕ್ಷ್ಮೀ" ಅಂತ ನಾಲ್ಕು ಪದ ಹಾಕಿ. ನಾಲ್ಕೂ ಸರಿ ಬಂದ್ರೆ ಎಂಜಿನ್ ಸರಿಯಾಗಿದೆ ಅಂತ ಅರ್ಥ.

ಈಗ ಮುಖ್ಯವಾದ ವಿಷಯ, ಸಮಸ್ಯೆ ವಾಪಸ್ ವಾಪಸ್ ಬರೋದು ಇದರಿಂದಾನೇ. ಆ ಪ್ರಿಫರೆನ್ಸ್ ಹಳೇ ಟೆಕ್ಸ್ಟ್ ಲೇಯರನ್ನ ಮುಟ್ಟಲ್ಲ. ಯಾವ ಕಂಪೋಸರ್ (ಅಕ್ಷರ, ಸಾಲು ಜೋಡಿಸೋ ವಿಧಾನ) ಅನ್ನೋದು ಒಂದೊಂದು ಪ್ಯಾರಾಗ್ರಾಫಿಗೂ ಬೇರೆ ಬೇರೆಯಾಗಿ ಅಂಟ್ಕೊಂಡಿರತ್ತೆ. ನೀವು ಯಾರದೋ ರೆಡಿಮೇಡ್ ಪಿಎಸ್‌ಡಿ (ಫೋಟೋಶಾಪ್ ಫೈಲ್) ಟೆಂಪ್ಲೇಟ್ ತೆಗೆದು, ಅದರಲ್ಲಿ ಇಂಗ್ಲಿಷಲ್ಲಿದ್ದ ಹೆಸರು ಅಳಿಸಿ ಕನ್ನಡ ಹೆಸರು ಹಾಕಿದ್ರೆ ಆ ಲೇಯರಿನ ಹಳೇ ಕಂಪೋಸರೇ ನಡೀತಿರತ್ತೆ, ಅದನ್ನ ಡೂಪ್ಲಿಕೇಟ್ ಮಾಡಿದ್ರೆ ಕಾಪೀಲೂ ಅದೇ ಇರತ್ತೆ. ಅದಕ್ಕೆ ಲೇಯರ್ ಸೆಲೆಕ್ಟ್ ಮಾಡಿ, ವಿಂಡೋ ಮೆನುವಿಂದ ಪ್ಯಾರಾಗ್ರಾಫ್ ಪ್ಯಾನೆಲ್ ತೆಗೆದು, ಅದರ ಬಲಗಡೆ ಮೂಲೇಲಿ ಮೂರು ಗೆರೆ ಇರೋ ಚಿಕ್ಕ ಮೆನು ಒತ್ತಿ, ಅಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಕೊಡಿ. ಎಷ್ಟೋ ಸಲ ಕಣ್ಣೆದುರೇ ಒತ್ತುಗಳು ಪಟಪಟ ಅಂತ ಜಾಗಕ್ಕೆ ಬಂದು ಕೂರ್ತವೆ. ಆಗ್ಲಿಲ್ಲ ಅಂದ್ರೆ ಆ ಲೇಯರ್ ಬಿಟ್ಟು ಹೊಸ ಟೆಕ್ಸ್ಟ್ ಲೇಯರ್ ಮಾಡಿ ಅಲ್ಲಿ ಪೇಸ್ಟ್ ಮಾಡಿ. ಇಷ್ಟಾದ್ಮೇಲೂ ಹಟ ಹಿಡಿದ್ರೆ ಮಾತ್ರ ಪ್ರಿಫರೆನ್ಸ್ ರೀಸೆಟ್: ವಿಂಡೋಸಲ್ಲಿ ಕಂಟ್ರೋಲ್, ಆಲ್ಟ್, ಶಿಫ್ಟ್ ಮೂರೂ ಒತ್ಕೊಂಡೇ ಫೋಟೋಶಾಪ್ ಓಪನ್ ಮಾಡಿ. ಅದಕ್ಕೆ ಮುಂಚೆ ನಿಮ್ಮ ಆಕ್ಷನ್ಸ್, ಬ್ರಷ್ ಎಲ್ಲಾ ಸೇವ್ ಮಾಡಿ ಇಟ್ಕೊಳ್ಳಿ, ದಯವಿಟ್ಟು.

ನೋಟ್‌ಪ್ಯಾಡಲ್ಲೇ ಗಲೀಜಾಗಿ ಕಂಡ್ರೆ ಅದು ಬೇರೆ ರೋಗ. ಹಳೇ ನುಡಿ, ಬರಹ, ಶ್ರೀಲಿಪಿ ಆಸ್ಕಿ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚೂರುಗಳನ್ನ ಇಟ್ಕೊಂಡಿರ್ತವೆ, ಅಂಥ ಟೆಕ್ಸ್ಟಿಗೆ ಯೂನಿಕೋಡ್ ಫಾಂಟ್ ಕೊಟ್ರೆ ಅರ್ಥವಿಲ್ಲದ ಇಂಗ್ಲಿಷ್ ಬರತ್ತೆ, ಯೂನಿಕೋಡ್ ಟೆಕ್ಸ್ಟಿಗೆ ಆ ಫಾಂಟ್ ಕೊಟ್ರೆ ಡಬ್ಬಿಗಳು ಬರಬಹುದು. ಕನ್ವರ್ಟರಲ್ಲಿ ಹಾಕಿ ಯೂನಿಕೋಡ್ ಮಾಡ್ಕೊಳ್ಳಿ, ಮಾಡಿದ್ಮೇಲೆ ಒಂದ್ಸಲ ಪೂರ್ತಿ ಓದಿ, ಅರ್ಕಾವತ್ತು ಇರೋ ಪದಗಳನ್ನ ಮುಖ್ಯವಾಗಿ. ಫಾಂಟಿಗೇನೂ ಬರ ಇಲ್ಲ: ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡ, ಬೆಣ್ಣೆ, ಹುಬ್ಬಳ್ಳಿ, ಎಲ್ಲಾ ಗೂಗಲ್ ಫಾಂಟ್ಸಲ್ಲಿ ಫ್ರೀಯಾಗಿ ಸಿಗ್ತವೆ.

ಇನ್ನೂ ಫೋಟೋಶಾಪ್ 7.0 ಬಳಸೋ ಅಂಗಡಿಗಳಿವೆ, ಅದರಲ್ಲಿ ಯೂನಿಕೋಡ್ ಕನ್ನಡ ಸೇರಿಸೋಕೆ ಬರೋದೇ ಇಲ್ಲ, ಸೆಟ್ಟಿಂಗ್ ಹುಡುಕಿ ಟೈಮ್ ವೇಸ್ಟ್ ಮಾಡ್ಬೇಡಿ. ಗಿಂಪ್ ಅಥವಾ ಇಂಕ್‌ಸ್ಕೇಪ್ ಹಾಕ್ಕೊಳ್ಳಿ, ಎರಡೂ ಫ್ರೀ, ಎರಡರಲ್ಲೂ ಕನ್ನಡ ಚೆನ್ನಾಗಿ ಕೂರತ್ತೆ. ಹೆಡ್ಡಿಂಗನ್ನ ಅಲ್ಲಿ ದೊಡ್ಡ ಸೈಜಲ್ಲಿ ಮಾಡಿ, ಹಿನ್ನೆಲೆ ಇಲ್ಲದ ಪಿಎನ್‌ಜಿ ಎಕ್ಸ್‌ಪೋರ್ಟ್ ಮಾಡಿ ಫೋಟೋಶಾಪಿಗೆ ಎಳ್ಕೊಂಡು ಬನ್ನಿ. ಚಿಕ್ಕದಾಗಿ ಮಾಡಿ ಆಮೇಲೆ ಹಿಗ್ಗಿಸಿದ್ರೆ ಅಂಚು ಮಸುಕಾಗತ್ತೆ.

ಒತ್ತು ಸರಿಯಾದ ಮೇಲೂ ನೋಡಕ್ಕೆ ಚೆಂದ ಇಲ್ಲ ಅನ್ಸಿದ್ರೆ ಲೈನ್ ಗ್ಯಾಪ್ ನೋಡಿ. ಆಟೋ ಲೀಡಿಂಗ್ (ತಾನಾಗೇ ಬರೋ ಲೈನ್ ಗ್ಯಾಪ್) ಫಾಂಟ್ ಸೈಜಿನ 120% ಇರತ್ತೆ, ಇಂಗ್ಲಿಷಿಗೆ ಸಾಕು, ಕನ್ನಡಕ್ಕೆ ಸಾಲಲ್ಲ. "ರಾಷ್ಟ್ರ"ದ ಎರಡು ಒತ್ತು ಕೆಳಗಿನ ಸಾಲಿನ "ಕೀ"ಗೆ ಹೋಗಿ ತಾಗತ್ತೆ, 40 ಪಾಯಿಂಟ್ ಅಕ್ಷರಕ್ಕೆ 56ರಿಂದ 60 ಕೊಟ್ಟು ನೋಡಿ. ಫೋ ಬೋಲ್ಡ್ (Faux Bold, ಅಕ್ಷರವನ್ನ ಸುಮ್ನೆ ದಪ್ಪ ಮಾಡೋ ನಕಲಿ ಬೋಲ್ಡ್) ಒತ್ಲೇಬೇಡಿ, ಚಿಕ್ಕ ಒತ್ತಿನ ಒಳಗಿನ ಕಿಂಡಿ ಎಲ್ಲಾ ಮುಚ್ಚಿಹೋಗತ್ತೆ, ಫಾಂಟಿನದ್ದೇ ಬೋಲ್ಡ್ ತಗೊಳ್ಳಿ. ಆಸ್ಕಿ ಫಾಂಟಲ್ಲೇ ಕೆಲಸ ಮಾಡೋರು ಅಕ್ಷರಗಳ ನಡುವಿನ ಗ್ಯಾಪ್ ನೋಡ್ಕೊಳ್ಳೋ ಟ್ರ್ಯಾಕಿಂಗ್ ಸೊನ್ನೇಲಿ, ಕರ್ನಿಂಗ್ ಮೆಟ್ರಿಕ್ಸಲ್ಲಿ ಇಡಿ, ಇಲ್ದಿದ್ರೆ ಒತ್ತು ತನ್ನ ಅಕ್ಷರ ಬಿಟ್ಟು ಪಕ್ಕಕ್ಕೆ ಸರಿಯತ್ತೆ.

ಪ್ರೆಸ್ಸಿಗೆ ಕೊಡೋ ಮುಂಚೆ ಪಿಎಸ್‌ಡಿಯ ಒಂದು ಕಾಪಿ ಹಾಗೇ ಇಟ್ಕೊಂಡು, ಇನ್ನೊಂದರಲ್ಲಿ ಟೆಕ್ಸ್ಟ್ ಲೇಯರ್ ಮೇಲೆ ರೈಟ್ ಕ್ಲಿಕ್ ಮಾಡಿ ಕನ್ವರ್ಟ್ ಟು ಶೇಪ್ ಕೊಡಿ. ಆಗ ಅವರ ಸಿಸ್ಟಂನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ರೂ, ಎಂಜಿನ್ ಸೆಟ್ಟಿಂಗ್ ಬೇರೆ ಇದ್ರೂ ಅಕ್ಷರ ಅಲುಗಾಡಲ್ಲ. ಆದ್ರೆ ಶೇಪ್ ಆದ್ಮೇಲೆ ಹೆಸರಿನ ಕಾಗುಣಿತ ತಿದ್ದಕ್ಕಾಗಲ್ಲ, ಹಾಗಾಗಿ ಮನೆಯವರ ಹತ್ರ ಪ್ರೂಫ್ ಓದಿಸಿದ ಮೇಲೇ ಅದನ್ನ ಮಾಡಿ.