ಅಮೆರಿಕದ ಶಾಲೆಯಲ್ಲಿ ಮಗುವಿಗೆ ಓದು ತೊಡಕಾದರೆ ಕಾಯಬೇಡಿ, ಪತ್ರ ಕೊಡಿ

ಎರಡನೇ ತರಗತಿಯ ಮಗು ಬಾಯಿಪಾಠವಾದ ಪದಗಳನ್ನು ಸಲೀಸಾಗಿ ಓದುತ್ತದೆ. ಹೊಸ ಪದ ಬಂದರೆ ಮೊದಲಕ್ಷರ ನೋಡಿ ಏನನ್ನೋ ಊಹಿಸುತ್ತದೆ. ‘ಬ್ಲಿಮ್’ನಂಥ ಅರ್ಥವಿಲ್ಲದ ಪದವನ್ನು ಇಂಗ್ಲಿಷಿನಲ್ಲಿ ಬರೆದು ಓದಿಸಿ. ಅಕ್ಷರಗಳಿಂದ ಧ್ವನಿ ಕೂಡಿಸಲು ಮತ್ತೆ ಮತ್ತೆ ಸೋತರೆ ಅದು ಧ್ವನಿಸಂಬಂಧಿ ಡಿಸ್ಲೆಕ್ಸಿಯಾದ, ಅಂದರೆ ಅಕ್ಷರಕ್ಕೂ ಧ್ವನಿಗೂ ನಂಟು ಹೊಂದಿಸಲು ಕಷ್ಟವಾಗುವ ಓದಿನ ತೊಡಕಿನ, ಸುಳಿವಿರಬಹುದು. ಮಗು ದಡ್ಡ ಎಂದಲ್ಲ.

“ಮನೆಯಲ್ಲಿ ಕನ್ನಡ ಮಾತಾಡುತ್ತೀರಲ್ಲ, ಇಂಗ್ಲಿಷ್ ಕುದುರಲಿ, ನೋಡೋಣ” ಎನ್ನುತ್ತಾರೆ ಶಿಕ್ಷಕರು. ಗುರುಗಳಿಗೆ ಎದುರಾಡಿ ಅಭ್ಯಾಸವಿಲ್ಲದ ನಾವು ತಲೆಯಾಡಿಸಿ ಬರುತ್ತೇವೆ. ನಮ್ಮ ಮನೆಯಲ್ಲಿ ಒಂದಿಡೀ ವರ್ಷ ಹೀಗೇ ಹೋಯಿತು. ಹಾಸನದಿಂದ ಬಂದ ಪರಿಚಿತ ದಂಪತಿ ಮನೆಯಲ್ಲಿ ಕನ್ನಡವನ್ನೇ ನಿಲ್ಲಿಸಿದರು. ಮಗು ಅಜ್ಜಿಯೊಡನೆ ಫೋನಿನಲ್ಲಿ ಮಾತಾಡಲು ತಡವರಿಸತೊಡಗಿತು, ಓದು ಮಾತ್ರ ಇದ್ದಲ್ಲೇ ಇತ್ತು. ದಯವಿಟ್ಟು ಹಾಗೆ ಮಾಡಬೇಡಿ. ಧ್ವನಿ ಬಿಡಿಸುವ ತೊಡಕು ಕನ್ನಡದಲ್ಲೂ ಕಾಣಿಸಬಹುದು: ‘ಬಾಗಿಲು’ ಪದದಲ್ಲಿ ‘ಬಾ’ ತೆಗೆದರೆ ಏನುಳಿಯುತ್ತದೆ ಎಂದು ಕೇಳಿ. ಉತ್ತರ ಏನು ಬಂತೆಂದು ಪತ್ರದಲ್ಲಿ ಬರೆಯಿರಿ.

ಹೌದು, ಪತ್ರ. ಸಭೆಯಲ್ಲಿ ಬಾಯಲ್ಲಿ ಕೇಳಿದ್ದಕ್ಕೆ ದಾಖಲೆ ಉಳಿಯುವುದಿಲ್ಲ. ಕಲಿಕೆಯ ನ್ಯೂನತೆಯ ಶಂಕೆಯಿದೆ, ವಿಶೇಷ ಶಿಕ್ಷಣಕ್ಕಾಗಿ ಮೌಲ್ಯಮಾಪನ ಮಾಡಿ ಎಂದು ಪ್ರಾಂಶುಪಾಲರಿಗೂ ಶಾಲಾ ಜಿಲ್ಲೆಗೂ (ಆ ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ) ದಿನಾಂಕ ಹಾಕಿ ಇಮೇಲ್ ಕಳಿಸಿ. ನ್ಯೂನತೆಯುಳ್ಳ ಮಕ್ಕಳ ಶಿಕ್ಷಣಕ್ಕಾಗಿ ಇರುವ ಐಡಿಇಎ ಎಂಬ ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಸರ್ಕಾರಿ ಶಾಲೆ ನಿರಾಕರಿಸುವುದಾದರೆ ಕಾರಣವನ್ನು ಬರೆದು ಕೊಡಬೇಕು. ಒಪ್ಪಿದರೆ ಸಹಿಗಾಗಿ ಒಪ್ಪಿಗೆ ಪತ್ರ ಬರುತ್ತದೆ. ಇಲ್ಲೇ ಎಚ್ಚರ! ಅರವತ್ತು ದಿನಗಳ ಗಡುವು, ಅಥವಾ ನಿಮ್ಮ ರಾಜ್ಯ ಗೊತ್ತುಪಡಿಸಿದ ಗಡುವು, ನಿಮ್ಮ ಇಮೇಲಿನಿಂದಲ್ಲ, ಆ ಸಹಿಯಿಂದ ಶುರುವಾಗುತ್ತದೆ. ಒಪ್ಪಿಗೆ ಪತ್ರ ಬರದಿದ್ದರೆ ಬೆನ್ನುಹತ್ತಿ. “ಮೊದಲು ತರಗತಿಯಲ್ಲೇ ಹೆಚ್ಚಿನ ಅಭ್ಯಾಸ ಕೊಡುತ್ತೇವೆ” ಎಂಬ ಉತ್ತರ ಸಾಕಾಗದು. ಅದನ್ನು ನೆಪ ಮಾಡಿ ಮೌಲ್ಯಮಾಪನ ತಡೆಯುವಂತಿಲ್ಲವೆಂದು ಕೇಂದ್ರ ಶಿಕ್ಷಣ ಇಲಾಖೆ 2011ರಲ್ಲೇ ತಿಳಿಸಿದೆ.

ಆತಂಕದಲ್ಲಿ ಸಾವಿರಾರು ಡಾಲರ್ ಸುರಿದು ಖಾಸಗಿ ಪರೀಕ್ಷೆಗೆ ಓಡಬೇಡಿ. ಆ ವರದಿಯನ್ನು ಶಾಲೆ ಪರಿಗಣಿಸಬೇಕು, ಒಪ್ಪಲೇಬೇಕೆಂದಿಲ್ಲ. ಶಾಲೆಯ ಮೌಲ್ಯಮಾಪನ ಸರಿಯಿಲ್ಲವೆನಿಸಿದರೆ ಸರ್ಕಾರಿ ವೆಚ್ಚದಲ್ಲೇ ಸ್ವತಂತ್ರ ಪರೀಕ್ಷೆ ಕೇಳಬಹುದು.

ನಮ್ಮ ಭಾರತದಲ್ಲೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕಲಿಕೆಯ ನ್ಯೂನತೆಯನ್ನು ಗುರುತಿಸಿದೆ. ಆದರೆ ಪ್ರಮಾಣಪತ್ರಕ್ಕೆ ಅಲೆಯುವವರು ತಂದೆತಾಯಿಯರು. ಇಲ್ಲಿ ಅಮೆರಿಕದಲ್ಲಿ ಅಂಥ ಮಕ್ಕಳನ್ನು ಹುಡುಕುವುದೇ ಶಾಲಾ ಜಿಲ್ಲೆಯ ಹೊಣೆ. ಕಾನೂನು ಇಲ್ಲಿಯದೇ ಮೇಲು, ಸಂಶಯವಿಲ್ಲ. ಕೇಳದವರಿಗೆ ಮಾತ್ರ ಅದು ಸುಲಭಕ್ಕೆ ದಕ್ಕುವುದಿಲ್ಲ.

ಮಗುವಿಗೆ ವಿಶೇಷ ಶಿಕ್ಷಣ ಬೇಕೆಂದು ತೀರ್ಮಾನವಾಗಿ, ಕೊನೆಗೆ ಐಇಪಿ, ಅಂದರೆ ಆ ಮಗುವಿಗಾಗಿಯೇ ರೂಪಿಸಿದ ಲಿಖಿತ ಶಿಕ್ಷಣ ಯೋಜನೆ, ಕೈಗೆ ಬಂದಾಗ, ಧ್ವನಿ ಮತ್ತು ಅಕ್ಷರಗಳ ಸಂಬಂಧವನ್ನು ಹಂತಹಂತವಾಗಿ ಕಲಿಸುವ ಪಾಠ ವಾರಕ್ಕೆ ಎಷ್ಟು ನಿಮಿಷ ಎಂದು ಬರೆದಿದೆಯೇ ನೋಡಿ. ಪರೀಕ್ಷೆಗೆ ಹೆಚ್ಚುವರಿ ಸಮಯ ಮಾತ್ರ ಕೊಟ್ಟಿದ್ದರೆ ಸಹಿ ಹಾಕುವ ಮುನ್ನ ಪಾಠವನ್ನೂ ಸೇರಿಸಿ ಎಂದು ಕೇಳಿ.