ತಗ್ಗಿನಲ್ಲಿ ಟೆಂಟ್ ಹಾಕಿ ಕೆಟ್ಟೆ

ಹಿಮಾಲಯದ ಚಾರಣಕ್ಕೆ ಮೈ ಪಳಗಿಸಲು ಎರಡು ತಿಂಗಳು ಪ್ರತಿ ಭಾನುವಾರ ಮಂಡ್ಯದಿಂದ ಮೈಸೂರಿಗೆ ಹೋಗಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತಿದ್ದೆ. ಬ್ಯಾಗಿನಲ್ಲಿ 12 ಲೀಟರ್ ನೀರು. ಮೇಲೆ ಹೋದ ಮೇಲೆ ಅದನ್ನು ಗಿಡಗಳಿಗೆ ಸುರಿದು, ಖಾಲಿ ಬ್ಯಾಗ್ ಹೊತ್ತು ಇಳಿಯುತ್ತಿದ್ದೆ. ಭಾರ ಹೊತ್ತು ಇಳಿದರೆ ಮಂಡಿ ಉಳಿಯುವುದಿಲ್ಲ. ಮೆಟ್ಟಿಲಿಗೆಲ್ಲ ಅರಿಶಿನ ಕುಂಕುಮ ಇಡುತ್ತಾ ಬರುವ ಅಜ್ಜಿಯರೇ ನನಗಿಂತ ಮುಂದಿರುತ್ತಿದ್ದರು, ಆ ಮಾತು ಬೇರೆ.

ಉತ್ತರಾಖಂಡದ ಬುಗ್ಯಾಲ್‌ಗಳಿಗೆ ಹೋಗುವ ಆಸೆಯಿತ್ತು. ಆದರೆ ಆ ಹುಲ್ಲುಗಾವಲುಗಳಲ್ಲಿ ರಾತ್ರಿ ತಂಗಬಾರದು ಅಂತ 2018ರಲ್ಲೇ ಅಲ್ಲಿನ ಹೈಕೋರ್ಟ್ ಹೇಳಿದೆ. ಹಾಗಾಗಿ ಹಿಮಾಚಲಕ್ಕೆ ಹೊರಟೆ, ಮನಾಲಿ ಬಳಿಯ ಬಿಯಾಸ್ ಕುಂಡ ಅನ್ನೋ ಕೆರೆಯ ದಾರಿಯಲ್ಲಿರುವ ಬಕರ್‌ಥಾಚ್ ಹುಲ್ಲುಗಾವಲಿಗೆ. ಎತ್ತರ ಸುಮಾರು 3,300 ಮೀಟರ್. ಚಾಮುಂಡಿ ಬೆಟ್ಟದ ತುದಿ ಸಾವಿರ ಮೀಟರ್ ಚಿಲ್ಲರೆ ಅಷ್ಟೇ. ತೆಳು ಗಾಳಿಯ ಮುಂದೆ ಕಾಲಿನ ಶಕ್ತಿ ನಡೆಯಲ್ಲ. ಅದಕ್ಕೇ ಮೊದಲು ಮನಾಲಿಯಲ್ಲಿ ಎರಡು ರಾತ್ರಿ ಸುಮ್ನೆ ಉಳಿದೆ.

ಸೆಪ್ಟೆಂಬರ್ ಕೊನೆ. ಹುಲ್ಲು ಹಳದಿಗೆ ತಿರುಗಿತ್ತು. ನೀರು ಹತ್ತಿರವಿರಲಿ, ಗಾಳಿ ಬೀಸದಿರಲಿ ಅಂತ ತೊರೆಯ ಪಕ್ಕ ಒಂದು ತಗ್ಗಿನಲ್ಲಿ ಟೆಂಟ್ ಹಾಕಿದೆ. ಚಳಿಗೆ ಹೆದರಿ ಜಿಪ್‌ಗಳನ್ನೆಲ್ಲ ಬಿಗಿಯಾಗಿ ಎಳೆದೆ. ನಡುರಾತ್ರಿ ಮುಖದ ಮೇಲೆ ಟಪ್ ಅಂತ ಹನಿ. ಮಳೆ ಅಂದುಕೊಂಡು ಟಾರ್ಚ್ ಹಾಕಿದರೆ ಹೊರಗೆ ಆಕಾಶದ ತುಂಬ ಚುಕ್ಕಿ. ನನ್ನ ಉಸಿರೇ ಟೆಂಟಿನ ಒಳಮೈಗೆ ತಾಗಿ ನೀರಾಗಿ ತೊಟ್ಟಿಕ್ಕುತ್ತಿತ್ತು. ಸ್ಲೀಪಿಂಗ್ ಬ್ಯಾಗ್ ಕಾಲ ಕಡೆ ಒದ್ದೆ. ಆಮೇಲೆ ನಿದ್ದೆ ಎಲ್ಲಿಂದ ಬರಬೇಕು? ತಣ್ಣನೆ ಗಾಳಿ ಭಾರ, ಇಳಿದು ಬಂದು ತಗ್ಗಿನಲ್ಲಿ ನಿಲ್ಲುತ್ತದೆ. ನಮ್ಮೂರಲ್ಲೂ ತಗ್ಗಿನ ಗದ್ದೆಯಲ್ಲೇ ಅಲ್ವಾ ಇಬ್ಬನಿ ಜಾಸ್ತಿ? ಗದ್ದೆ ಬಯಲಲ್ಲೇ ಬೆಳೆದವನಿಗೆ ಇದು ಹೊಳೆಯಬೇಕಿತ್ತು.

ಅನ್ನದ ಕಥೆಯೂ ಅಷ್ಟೇ. ಆ ಎತ್ತರದಲ್ಲಿ ನೀರು 90 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಗ್ಯಾಸ್ ಸುಟ್ಟಿದ್ದೇ ಬಂತು, ಅಕ್ಕಿ ಕಲ್ಲಿನಂತೆಯೇ ಇತ್ತು. ಕಾಪಾಡಿದ್ದು ಅಮ್ಮ ಕಟ್ಟಿಕೊಟ್ಟಿದ್ದ ರಾಗಿ ಹುರಿಹಿಟ್ಟು. ಬೆಲ್ಲ, ಬಿಸಿನೀರು ಹಾಕಿ ಕಲಸಿದರೆ ಮುಗಿಯಿತು.

ಬೆಳಿಗ್ಗೆ ಎಲ್ಲವನ್ನೂ ಬಿಸಿಲಿಗೆ ಹರವಿ ಒಣಗಿಸಿದೆ. ಸಂಜೆ ಮೂವತ್ತು ನಲವತ್ತು ಅಡಿ ಮೇಲಿನ ದಿಣ್ಣೆಗೆ ಟೆಂಟ್ ಒಯ್ದು, ಗಾಳಿಕಿಂಡಿ ಎರಡನ್ನೂ ತೆರೆದಿಟ್ಟೆ. ಗಾಳಿಯ ಸದ್ದಿತ್ತು, ಆದರೆ ಒಳಗೆ ಒಂದು ಹನಿಯಿಲ್ಲ. ಬೆಳಗಾಗಿ ಕೆಳಗೆ ನೋಡಿದರೆ, ಹಿಂದಿನ ರಾತ್ರಿ ಮಲಗಿದ್ದ ಜಾಗ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗಿತ್ತು.